ಮಳೆ ಹಿಡಿದ ಮೇಲೆ ಎಸ್ಪ್ರೆಸೊ ಹುಳಿ ಬರ್ತಿದೆ, 12 ಸೆಕೆಂಡಿಗೇ ಓಡ್ತಿದೆ. ಕರಾವಳಿಯವರು ಏನು ಮಾಡ್ತೀರಿ?

ಕೋಡಿಬಾಗದ ಕಾಫಿ
ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ಮನೆಗೆ ಒಂದು ಸಣ್ಣ ಎಸ್ಪ್ರೆಸೊ ಮಷಿನ್ (ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ತಳ್ಳಿ ಗಟ್ಟಿ ಕಾಫಿ ಇಳಿಸುವುದು) ತಂದೆ, ಜೊತೆಗೆ ಕೈಯಲ್ಲಿ ತಿರುಗಿಸುವ ಗ್ರೈಂಡರ್. ಮಾರ್ಚ್, ಏಪ್ರಿಲ್ ಎರಡು ತಿಂಗಳು ತುಂಬಾ ಚೆನ್ನಾಗಿ ಬಂತು. 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಕಾಫಿ, 28 ಸೆಕೆಂಡ್ ಆಸುಪಾಸು. ಅಪ್ಪ ಹುಟ್ಟಿದಾಗಿನಿಂದ ಚಾ ಕುಡಿಯುವವರು, ಅವರೂ ಮಧ್ಯಾಹ್ನ ಊಟ ಆದ ಮೇಲೆ ಒಂದು ಸಣ್ಣ ಲೋಟ ಕೇಳೋಕೆ ಶುರು ಮಾಡಿದ್ದರು.

ಜೂನ್ ಎರಡನೇ ವಾರದಿಂದ ಎಲ್ಲಾ ತಪ್ಪಿದೆ. ಅದೇ ಅಂಗಡಿ, ಅದೇ ಬೀಜ, ಗ್ರೈಂಡರ್ ಅದೇ ನಂಬರಿನಲ್ಲಿ. 36 ಗ್ರಾಂ 12-13 ಸೆಕೆಂಡಿಗೆ ಬಂದುಬಿಡುತ್ತೆ. ಬಣ್ಣ ತೆಳು. ಕ್ರೆಮಾ, ಅಂದ್ರೆ ಕಾಫಿ ಮೇಲಿನ ಕೆಂಚು ನೊರೆ ಪದರ, ನೋಡನೋಡುತ್ತಲೇ ಒಡೆದು ಹೋಗುತ್ತೆ. ಬಾಯಿಗಿಟ್ಟರೆ ಎಳೆ ಹುಣಸೆಕಾಯಿ ಕಚ್ಚಿದ ಹಾಗೆ. ಮಷಿನ್ ಕೆಟ್ಟಿತಾ, ನನ್ನ ಕೈ ಕೆಟ್ಟಿತಾ ಗೊತ್ತಾಗ್ತಿಲ್ಲ. ದಯವಿಟ್ಟು ಹೇಳಿ.

ದೇವಿಮನೆ ಘಾಟ
ಭಾನುವಾರ, ಬೆಳಿಗ್ಗೆ 9:05

ಕೈಯೂ ಕೆಟ್ಟಿಲ್ಲ, ಮಷಿನ್ನೂ ಕೆಟ್ಟಿರಲಿಕ್ಕಿಲ್ಲ. ನಾನು ಗೋಕರ್ಣದಲ್ಲಿ ಐದು ವರ್ಷ ಕೆಫೆಯಲ್ಲಿ ಮಷಿನ್ ಮುಂದೆ ನಿಂತವನು, ಈಗ ಕುಮಟಾದಲ್ಲಿ ಇದ್ದೇನೆ. ಪ್ರತಿ ಜೂನ್‌ನಲ್ಲೂ ಇದೇ ಕಥೆ. ಮೂರು ಪ್ರಶ್ನೆ ಕೇಳ್ತೇನೆ, ಸರಿಯಾಗಿ ನೋಡಿ ಉತ್ತರ ಕೊಡಿ.

ಬೀಜದ ಪ್ಯಾಕೆಟ್ ಮೇಲೆ ಹುರಿದ ತಾರೀಕು ಇದೆಯಾ, ಇಲ್ಲಾ ಪ್ಯಾಕ್ ಮಾಡಿದ ತಾರೀಕು ಮಾತ್ರನಾ? ಪ್ಯಾಕೆಟ್ ಒಡೆದ ಮೇಲೆ ಬೀಜ ಎಲ್ಲಿಡ್ತೀರಿ? ನಿಮ್ಮ ಬಾಸ್ಕೆಟ್, ಅಂದ್ರೆ ಪುಡಿ ತುಂಬುವ ಬಟ್ಟಲಿನ ಅಡಿಯಲ್ಲಿ ತುಂಬಾ ತೂತು ಇದೆಯಾ, ಒಂದೇ ತೂತಾ?

ಕೊನೇ ಪ್ರಶ್ನೆ ಯಾಕೆ ಅಂದ್ರೆ, ಮನೆ ಮಷಿನ್ ಜೊತೆ ಬರುವ ಬಾಸ್ಕೆಟ್ ಬಹಳ ಸಲ ಎರಡು ಪದರದ್ದು. ಕೆಳಗಿನ ಪದರದಲ್ಲಿ ಸೂಜಿ ಮೊನೆಯಷ್ಟು ಒಂದೇ ತೂತು. ಪುಡಿ ಹೇಗೇ ಇರಲಿ, ಆ ತೂತೇ ಒತ್ತಡ ಹುಟ್ಟಿಸಿ ನೊರೆ ಬರಿಸುತ್ತೆ. ಅದು ಕ್ರೆಮಾ ಅಲ್ಲ, ಬರೀ ನೊರೆ. ಅದರಲ್ಲಿ ಪುಡಿ ಸರಿ ಇದೆಯಾ ಇಲ್ವಾ ಅಂತ ಗೊತ್ತೇ ಆಗಲ್ಲ.

ಕೋಡಿಬಾಗದ ಕಾಫಿ
ಭಾನುವಾರ, ಬೆಳಿಗ್ಗೆ 9:30

ಬಾಸ್ಕೆಟ್ ಒಂದೇ ಪದರದ್ದು, ಮಾರ್ಚಿನಲ್ಲೇ ಬೇರೆ ತರಿಸಿದೆ. ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದ ತಿಂಗಳು ಮಾತ್ರ ಇದೆ, ಮೇ ಅಂತ. ಬೀಜ ಸ್ಟೀಲ್ ಡಬ್ಬಿಯಲ್ಲಿ, ಒಲೆ ಮೇಲಿನ ಶೆಲ್ಫಿನಲ್ಲಿ. ಪಕ್ಕದಲ್ಲೇ ಕಿಟಕಿ, ಸಮುದ್ರದ ಗಾಳಿ ನೇರ ಅಲ್ಲಿಗೇ ಬರುತ್ತೆ.

ದೇವಿಮನೆ ಘಾಟ
ಭಾನುವಾರ, ಬೆಳಿಗ್ಗೆ 9:48

ಅಲ್ಲೇ ಇದೆ ನೋಡಿ. ಒಲೆಯ ಬಿಸಿ, ಅನ್ನದ ಹಬೆ, ಸಮುದ್ರದ ತೇವ, ಮೂರೂ ಒಂದೇ ಜಾಗದಲ್ಲಿ.

ಹಪ್ಪಳ ನೆನಪು ಮಾಡ್ಕೊಳ್ಳಿ. ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಒಣಗಿಸಿ, ಮಳೆಗಾಲಕ್ಕೆ ಅಂತ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡೋದು ಯಾಕೆ? ಕರಿದ ಹಪ್ಪಳ ಹತ್ತು ನಿಮಿಷ ಹೊರಗೆ ಬಿಟ್ಟರೆ ಮೆತ್ತಗಾಗುತ್ತೆ. ಹುರಿದ ಕಾಫಿ ಬೀಜವೂ ಅದೇ ಜಾತಿ. ಹುರಿಯುವಾಗ ಒಳಗಿನ ನೀರೆಲ್ಲಾ ಹೋಗಿ, ತುಂಬಾ ಸಣ್ಣ ಸಣ್ಣ ಗೂಡುಗಳಾಗಿ ಉಬ್ಬಿರುತ್ತೆ. ಎಲ್ಲಿ ತೇವ ಸಿಕ್ಕಿದರೂ ಎಳೆದುಕೊಳ್ಳುತ್ತೆ, ವಾಸನೆಯನ್ನೂ ಎಳೆದುಕೊಳ್ಳುತ್ತೆ.

ಒಂದು ಬೀಜ ಹಲ್ಲಿನಲ್ಲಿ ಕಚ್ಚಿ ನೋಡಿ. ಕಟ್ ಅಂತ ಮುರಿಬೇಕು. ಅಂಟಂಟಾಗಿ ಬಗ್ಗಿದರೆ ತೇವ ಕುಡಿದಿದೆ. ಹಾಗೇ, ಅಡಿಗೆಮನೆ ತಕ್ಕಡಿ ಇದೆಯಲ್ವಾ, ಹೊಸ ಪ್ಯಾಕೆಟ್ ಒಡೆದಾಗ 20 ಗ್ರಾಂ ಬೀಜ ತಟ್ಟೆಯಲ್ಲಿಟ್ಟು ಒಂದು ರಾತ್ರಿ ಆ ಶೆಲ್ಫಿನಲ್ಲೇ ಬಿಡಿ, ಬೆಳಿಗ್ಗೆ ತೂಗಿ.

ಅಂಕೋಲಾ ಅಕ್ಕ
ಭಾನುವಾರ, ಬೆಳಿಗ್ಗೆ 10:20

ವಾಸನೆ ಮಾತು ಬಂತಲ್ಲ, ಹೇಳಿಬಿಡ್ತೇನೆ. ನಮ್ಮನೆಯಲ್ಲಿ ಮಳೆಗಾಲಕ್ಕೆ ಒಣಮೀನು ತುಂಬಿಡ್ತೇವೆ. ಹೋದ ವರ್ಷ ಅದೇ ಕಪಾಟಿನಲ್ಲಿ ಕಾಫಿ ಇಟ್ಟು ಅರ್ಧ ಕಿಲೋ ಬೀಜ ಹಾಳು ಮಾಡಿಕೊಂಡೆ. ಪ್ಲಾಸ್ಟಿಕ್ ಡಬ್ಬಿ ಆಗಿತ್ತು, ಮುಚ್ಚಳ ಗಟ್ಟಿ ಇತ್ತು, ಆದ್ರೂ ಹತ್ತಿತು. ಈಗ ಗಾಜಿನ ಬಾಟ್ಲಿ, ಬೇರೆ ಕೋಣೆ.

ನಾನು ಮೋಕಾ ಪಾಟ್‌ನಲ್ಲಿ ಎಸ್ಪ್ರೆಸೊ ಮಾಡೋದು. ಇಷ್ಟೆಲ್ಲಾ ಸೆಕೆಂಡ್ ಲೆಕ್ಕ ಬೇಕಾ?

ದೇವಿಮನೆ ಘಾಟ
ಭಾನುವಾರ, ಬೆಳಿಗ್ಗೆ 10:55

ಅಕ್ಕ, ಮೋಕಾ ಪಾಟ್ ಕಾಫಿ ನನಗೂ ಬಹಳ ಇಷ್ಟ. ಆದರೆ ಅದು ಎಸ್ಪ್ರೆಸೊ ಅಲ್ಲ. ಇಟಲಿಯಲ್ಲಿ ಬಿಯಾಲೆಟ್ಟಿಯವರು 1933ರಲ್ಲಿ ತಂದದ್ದು ಅದು. ಅಡಿಯ ಪಾತ್ರೆಯ ಹಬೆ ನೀರನ್ನು ಮೇಲಕ್ಕೆ ತಳ್ಳುತ್ತೆ, ಒತ್ತಡ ಒಂದೆರಡು ಬಾರ್ ಅಷ್ಟೇ. ಎಸ್ಪ್ರೆಸೊಗೆ 9 ಬಾರ್ ಆಸುಪಾಸು ಬೇಕು.

ಮೊದಲಿನ ಎಸ್ಪ್ರೆಸೊ ಮಷಿನ್‌ಗಳೂ ಹಬೆಯ ಮೇಲೇ ಓಡ್ತಿದ್ದವು. ಟ್ಯೂರಿನ್‌ನ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ತಗೊಂಡದ್ದು, ಮಿಲಾನ್‌ನ ಬೆಜ್ಜೆರಾ 1901ರಲ್ಲಿ ತಂದದ್ದು, ಎಲ್ಲಾ ಹಬೆಯವೇ. ಹಬೆಯಲ್ಲಿ ಒತ್ತಡ ಕಡಿಮೆ, ಬಿಸಿ ಜಾಸ್ತಿ, ಪುಡಿ ಸುಟ್ಟ ಹಾಗಾಗ್ತಿತ್ತು. ಗಾಜಿಯಾ ಅನ್ನುವವರು 1940ರ ದಶಕದ ಕೊನೆಗೆ ಸ್ಪ್ರಿಂಗ್ ಇರುವ ಕೈಹಿಡಿ ತಂದ ಮೇಲೆ ಒತ್ತಡ ಏರಿತು, ಆಗಲೇ ಕಾಫಿ ಮೇಲೆ ಆ ಕೆಂಚು ಪದರ, ಕ್ರೆಮಾ, ಕಾಣಿಸಿದ್ದು. 1961ರಲ್ಲಿ ಫಾಯೆಮಾದ ಇ61 ಪಂಪ್ ತಂತು. ನಾವು ಇವತ್ತು ಮನೆಯಲ್ಲಿ ಮಾಡೋದೂ ಅದೇ ಕೆಲಸ. ಡಬ್ಬದ ಮೇಲೆ 15 ಬಾರ್ ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದು ಪಂಪಿನ ತಾಕತ್ತು. ಪುಡಿ ಮೇಲೆ ಅಷ್ಟು ಬೀಳಬಾರದು.

ಮೋಕಾದಲ್ಲಿ ಪುಡಿ ಒತ್ತಬೇಡಿ, ನೀರು ವಾಲ್ವ್ ಕೆಳಗೇ ಇರಲಿ, ಉರಿ ಸಣ್ಣದಿರಲಿ, ಗುರ್ ಗುರ್ ಅನ್ನುವ ಮೊದಲೇ ಇಳಿಸಿ. ಸೆಕೆಂಡ್ ಲೆಕ್ಕ ಬೇಡ.

ಹೊನ್ನಾವರ ಶರಾವತಿ
ಭಾನುವಾರ, ಮಧ್ಯಾಹ್ನ 12:10

ಒಂದು ಅನುಮಾನ ಇದೆ ಅಣ್ಣ. ತೇವ ಅಷ್ಟು ಕೆಟ್ಟದಾದರೆ ಮಾನ್ಸೂನ್ಡ್ ಮಲಬಾರ್ ಅನ್ನೋ ಕಾಫಿ ಹೇಗೆ ಒಳ್ಳೇದು? ಅದನ್ನು ಬೇಕು ಅಂತಲೇ ಮಳೆಗಾಲದ ಗಾಳಿಗೆ ಇಡ್ತಾರಲ್ವಾ, ಅದೂ ನಮ್ಮದೇ ಕರಾವಳಿಯಲ್ಲಿ, ಮಂಗಳೂರು ಕಡೆ.

ದೇವಿಮನೆ ಘಾಟ
ಭಾನುವಾರ, ಮಧ್ಯಾಹ್ನ 12:45

ಒಳ್ಳೇ ಪ್ರಶ್ನೆ. ಅಲ್ಲಿ ತೇವ ಕುಡಿಸೋದು ಹಸಿ ಬೀಜಕ್ಕೆ, ಹುರಿದದ್ದಕ್ಕಲ್ಲ. ಹಿಂದೆ ಹಾಯಿ ಹಡಗಿನಲ್ಲಿ ನಮ್ಮ ಕಡೆಯ ಕಾಫಿ ಯುರೋಪಿಗೆ ಹೋಗೋಕೆ ತಿಂಗಳುಗಟ್ಟಲೆ ಆಗ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಸಮುದ್ರದ ತೇವ ಕುಡಿದು ಬೀಜ ಉಬ್ಬಿ ಹಸಿರು ಹೋಗಿ ಹಳದಿ ಆಗ್ತಿತ್ತು, ಹುಳಿ ಇಳೀತಿತ್ತು. ಅಲ್ಲಿನವರ ನಾಲಿಗೆಗೆ ಅದೇ ಒಗ್ಗಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದು ದಾರಿ ಚಿಕ್ಕದಾದ ಮೇಲೆ ಬೀಜ ಹಸಿರಾಗೇ ಹೋಗೋಕೆ ಶುರುವಾಯ್ತು, ಆ ರುಚಿ ಇಲ್ಲ ಅಂದರು. ಅದಕ್ಕೇ ಇಲ್ಲಿ ಗೋದಾಮಿನಲ್ಲಿ ಹರವಿ, ಕೆದಕಿ, ಮಳೆಗಾಳಿ ಕುಡಿಸಿ ಅದೇ ಬೀಜ ಮಾಡ್ತಾರೆ. ಹುಳಿ ತೀರಾ ಕಡಿಮೆ, ಬಾಯಿಗೆ ದಪ್ಪ. ಎಸ್ಪ್ರೆಸೊ ಬ್ಲೆಂಡಿಗೆ ಹೊರದೇಶದವರು ಅದನ್ನು ಹುಡುಕಿ ತಗೊಳ್ಳೋದು ಅದಕ್ಕೇ.

ಆದರೆ ಅದನ್ನೂ ಹುರಿದ ಮೇಲೆ ತೇವಕ್ಕೆ ಬಿಟ್ಟರೆ ಸತ್ತೇಹೋಗುತ್ತೆ.

ಕೋಡಿಬಾಗದ ಕಾಫಿ
ಸೋಮವಾರ, ಬೆಳಿಗ್ಗೆ 8:15

ಬೀಜ ಕಚ್ಚಿ ನೋಡಿದೆ. ಮುರಿಯಲೇ ಇಲ್ಲ, ಹಲ್ಲಿಗೆ ಮೆತ್ತಿಕೊಂಡಿತು.

ಸುಮ್ನೆ ಕೂರಲಾಗದೆ ಗ್ರೈಂಡರ್ ಮೂರು ಕ್ಲಿಕ್ ಸಣ್ಣ ಮಾಡಿ ಇನ್ನೊಂದು ಶಾಟ್ (ಒಂದು ಸಲದ ಎಸ್ಪ್ರೆಸೊ) ಎಳೆದೆ. ಸಮಯ ಸರಿಯಾಯ್ತು, 26 ಸೆಕೆಂಡ್. ಹುಳಿ ಹೋಯ್ತು. ಆದರೆ ರುಚಿಯೇ ಇಲ್ಲ. ನೆನೆದ ಮರದ ತುಂಡು, ಹಳೇ ರಟ್ಟು, ಆ ತರ. ಪರಿಮಳ ಸೊನ್ನೆ. ಇದೇನು?

ದೇವಿಮನೆ ಘಾಟ
ಸೋಮವಾರ, ಬೆಳಿಗ್ಗೆ 8:40

ಇದನ್ನೇ ನಾನು ಎಲ್ಲರಿಗೂ ಹೇಳ್ತಾ ಬಂದಿರೋದು. ಪುಡಿ ಸಣ್ಣ ಮಾಡಿದರೆ ಸಮಯ ಸರಿ ಮಾಡಬಹುದು, ಹೋದ ಪರಿಮಳ ವಾಪಸ್ ತರೋಕಾಗಲ್ಲ.

ಹುರಿದ ಬೀಜದ ಒಳಗೆ ಗಾಳಿ ತುಂಬಿರುತ್ತೆ, ಕಾರ್ಬನ್ ಡೈಆಕ್ಸೈಡ್. ಕ್ರೆಮಾ ಆಗೋದು ಅದರಿಂದಲೇ. ನೀರು ಪುಡಿ ಒಳಗೆ ಹೋಗುವಾಗ ಅದು ತಡೆ ಕೊಡುತ್ತೆ. ಬೀಜ ಹಳತಾದ ಹಾಗೆ ಆ ಗಾಳಿ ಹೋಗಿ ತಡೆ ಕಡಿಮೆ ಆಗುತ್ತೆ, ನೀರು ಸಲೀಸಾಗಿ ಓಡುತ್ತೆ. ಓಡಿದರೆ ಹುಳಿ ಮಾತ್ರ ಬರುತ್ತೆ, ಸಿಹಿ ಬರೋಕೆ ಪುರುಸೊತ್ತಿಲ್ಲ. ನಿಮ್ಮ 12 ಸೆಕೆಂಡಿಗೆ ಮುಖ್ಯ ಕಾರಣ ಇದೇ. ತೇವ, ಬಿಸಿ ಎರಡೂ ಸೇರಿ ಹಳತಾಗೋದನ್ನು ಜೋರು ಮಾಡಿವೆ. ಅಂಗಡಿಗೆ ಬರುವ ಮೊದಲೇ ಎಷ್ಟು ಹಳತಾಗಿತ್ತೋ, ಪ್ಯಾಕ್ ಮಾಡಿದ ತಿಂಗಳು ನೋಡಿದರೆ ಹೇಳೋಕಾಗಲ್ಲ.

ಹುರಿದ ತಾರೀಕು ಬರೆದು ಕಳಿಸುವ ಕಡೆಯಿಂದ ತರಿಸಿ. ಚಿಕ್ಕಮಗಳೂರು, ಕೊಡಗು ನಮಗೆ ಎಷ್ಟು ಹತ್ತಿರ, ಇಡೀ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯೋ ರಾಜ್ಯದಲ್ಲಿ ಕೂತು ನಾವು ಹಳೇ ಬೀಜ ಕುಡಿಯೋದು ನನಗೆ ನಿಜವಾಗ್ಲೂ ಬೇಸರ. ಬಂದ ದಿನವೇ ಎಳೆಯಬೇಡಿ, ಹುರಿದು ಒಂದು ವಾರ ಹತ್ತು ದಿನ ಆಗಲಿ. ಗಾಳಿ ತೀರಾ ಜಾಸ್ತಿ ಇದ್ದರೆ ಶಾಟ್ ಉಗುಳುತ್ತೆ.

ಇಡುವ ಕ್ರಮ ಹೀಗೆ. 250 ಗ್ರಾಂ ಬಂದ ತಕ್ಷಣ ಎರಡು ಪಾಲು ಮಾಡಿ. ಒಂದು ವಾರಕ್ಕೆ ಬೇಕಾದಷ್ಟು ಸಣ್ಣ ಗಾಜಿನ ಬಾಟ್ಲಿಗೆ, ಬಾಯಿ ತನಕ ತುಂಬಿ, ರಬ್ಬರ್ ಇರುವ ಮುಚ್ಚಳ ಹಾಕಿ, ಒಲೆಯಿಂದ ದೂರದ ಕತ್ತಲೆ ಜಾಗದಲ್ಲಿ. ಉಳಿದದ್ದು ಸಣ್ಣ ಸಣ್ಣ ಬಾಟ್ಲಿ ಅಥವಾ ಪೊಟ್ಟಣ ಮಾಡಿ ಫ್ರೀಜರ್‌ಗೆ. ಫ್ರಿಜ್ ಅಲ್ಲ, ಫ್ರೀಜರ್. ಮುಖ್ಯ ಮಾತು: ಹೊರಗೆ ತೆಗೆದ ಬಾಟ್ಲಿಯನ್ನು ತಣ್ಣಗಿರುವಾಗ ತೆರೆದು ಅಲ್ಲೇ ಇಟ್ಟುಕೊಳ್ಳಬೇಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ತಣ್ಣನೆ ಬೀಜದ ಮೇಲೆ ನೀರು ಬೆವರಿ ಕೂರುತ್ತೆ. ಮುಚ್ಚಳ ಹಾಕಿದ ಹಾಗೇ ರಾತ್ರಿ ಹೊರಗಿಟ್ಟು ಬೆಳಿಗ್ಗೆ ತೆರೆಯಿರಿ.

ಸದಾಶಿವಗಡ ದಂಡೆ
ಸೋಮವಾರ, ರಾತ್ರಿ 9:20

ನಾನು ಕಾಳಿ ನದಿಯ ಆಚೆ ದಡದವನು. ಮಷಿನ್ ರಿಪೇರಿ ಸ್ವಲ್ಪ ಗೊತ್ತು. ಬೀಜದ ಬಗ್ಗೆ ಎಲ್ಲಾ ಹೇಳಿಯಾಯ್ತು, ನೀರಿನ ಬಗ್ಗೆ ಯಾರೂ ಎತ್ತಲಿಲ್ಲ. ಕಪ್ಪಿನಲ್ಲಿ ಇರೋದು ಹೆಚ್ಚಿನ ಪಾಲು ನೀರೇ ಅಲ್ವಾ.

ದಂಡೆ ಹತ್ತಿರದ ಬಾವಿ ಏಪ್ರಿಲ್, ಮೇ ಬಂದರೆ ಉಪ್ಪುಪ್ಪು. ಆ ನೀರು ಮಷಿನ್‌ಗೆ ಹಾಕಲೇಬೇಡಿ. ರುಚಿ ಹಾಳು ಅನ್ನೋದು ಒಂದು, ಉಪ್ಪಿನ ಅಂಶ ಬಾಯ್ಲರ್ ಒಳಗಿನ ಲೋಹವನ್ನು ತೂತು ತೂತಾಗಿ ತಿನ್ನುತ್ತೆ. ನಾನು ಬಿಚ್ಚಿದ ಒಂದು ಮಷಿನ್‌ನಲ್ಲಿ ಒಳಗಿನ ಪೈಪು ಗೆದ್ದಲು ತಿಂದ ಮರದ ಹಾಗಿತ್ತು. ಅದಕ್ಕೆ ಹೆದರಿ ಪೂರ್ತಿ ಆರ್‌ಓ ನೀರು ಹಾಕುವವರಿದ್ದಾರೆ. ಅದೂ ಸರಿಯಲ್ಲ. ಏನೂ ಇಲ್ಲದ ನೀರಿನಲ್ಲಿ ಕಾಫಿ ಚಪ್ಪೆ, ಹುಳಿ ಎದ್ದು ಕಾಣುತ್ತೆ. ಕೆಲವು ಮಷಿನ್‌ನ ಸೆನ್ಸರ್‌ಗೆ ನೀರು ಇದೆ ಅಂತಲೇ ಗೊತ್ತಾಗಲ್ಲ.

ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಒಂದು ತಗೊಳ್ಳಿ, ದುಬಾರಿ ಏನಲ್ಲ. 75ರಿಂದ 250ರ ಒಳಗೆ, 150ರ ಹತ್ತಿರ ಇದ್ದರೆ ಒಳ್ಳೇದು. ನಾನು ಆರ್‌ಓ ನೀರಿಗೆ ನಲ್ಲಿ ನೀರು ಬೆರೆಸಿ ಅಲ್ಲಿಗೆ ತರ್ತೇನೆ. ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತೆ, ಅದು ಉಪ್ಪೋ ಸುಣ್ಣವೋ ಹೇಳಲ್ಲ. ಹಾಗಾಗಿ ನಾಲಿಗೆಗೆ ಉಪ್ಪು ತಾಗುವ ನೀರು ನಂಬರ್ ಏನೇ ಬರಲಿ ಬೇಡ. ಶಿರಸಿ ಮೇಲಿನವರಿಗೆ ಬೇರೆ ಕಥೆ, ಅಲ್ಲಿ ಚಿರೆಕಲ್ಲಿನ ಬಾವಿ ನೀರು ಮೆದು, ಸುಣ್ಣ ಕಟ್ಟೋದು ಕಡಿಮೆ.

ಸುಣ್ಣ ಕಟ್ಟಿದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ನೀರಿಗೆ ಹಾಕಿ ಓಡಿಸಬಹುದು. ಮೊದಲು ಮಷಿನ್ ಪುಸ್ತಕ ನೋಡಿ, ಎಲ್ಲಾ ಲೋಹಕ್ಕೂ ಒಗ್ಗಲ್ಲ. ಆಮೇಲೆ ಎರಡು ಮೂರು ಸಲ ಬರೀ ನೀರು ಬಿಟ್ಟು ತೊಳೆಯಿರಿ.

ಇನ್ನೊಂದು. ನಮ್ಮ ಗಾಳಿಯಲ್ಲೇ ಉಪ್ಪಿದೆ. ಗ್ರೈಂಡರಿನ ಬರ್ (ಬೀಜ ಅರೆಯುವ ಹಲ್ಲಿನ ಭಾಗ) ನೀರಲ್ಲಿ ತೊಳೆಯಬೇಡಿ, ಒಂದೇ ರಾತ್ರಿಗೆ ತುಕ್ಕು. ಒಣ ಬ್ರಶ್ ಸಾಕು.

ಹೊನ್ನಾವರ ಶರಾವತಿ
ಸೋಮವಾರ, ರಾತ್ರಿ 10:05

ಕರೆಂಟಿನ ಮಾತೂ ಸೇರಿಸ್ತೇನೆ. ನಮ್ಮಲ್ಲಿ ಗಾಳಿ ಮಳೆ ಬಂದರೆ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ಎರಡು ದಿನ. ಎಸ್ಪ್ರೆಸೊ ಮಷಿನ್ ಬಿಸಿಯಾಗೋಕೆ ಸಾವಿರ ವ್ಯಾಟ್ ಮೇಲೇ ಎಳೆಯುತ್ತೆ, ಮನೆ ಇನ್ವರ್ಟರ್‌ಗೆ ಆಗೋ ಕೆಲಸ ಅಲ್ಲ. ನಾನು ಹಾಗಾಗಿ ಕೈಯಲ್ಲಿ ಒತ್ತುವ ಲಿವರ್ ಮಷಿನ್ ತಗೊಂಡೆ. ವೈರ್ ಇಲ್ಲ, ಪಂಪ್ ಇಲ್ಲ. ಗ್ಯಾಸ್ ಮೇಲೆ ನೀರು ಕುದಿಸಿ ಹಾಕೋದು, ಹಿಡಿ ಒತ್ತೋದು. ಒತ್ತಡ ತೋರಿಸೋಕೆ ಒಂದು ಗಡಿಯಾರದಂತಹ ಮುಳ್ಳು ಇದೆ.

ಕಲಿಯೋಕೆ ಒಂದು ತಿಂಗಳು ಹಿಡೀತು. ಮೊದಮೊದಲು ಎಲ್ಲಾ ಹುಳಿ. ಕಾರಣ ಗೊತ್ತಾಗಿದ್ದು ಆಮೇಲೆ: ಲೋಹದ ಭಾಗ ತಣ್ಣಗಿದ್ದರೆ ಕುದಿಯೋ ನೀರು ಹಾಕಿದರೂ ಪುಡಿ ಮುಟ್ಟುವಾಗ ಬಿಸಿ ಇಳಿದಿರುತ್ತೆ. 90ರಿಂದ 96 ಡಿಗ್ರಿ ಪುಡಿ ಹತ್ತಿರ ಬೇಕು, ಪಾತ್ರೆಯಲ್ಲಿ ಅಲ್ಲ. ಈಗ ಆ ಭಾಗವನ್ನು ಕುದಿಯೋ ಪಾತ್ರೆಯ ಬಾಯಿ ಮೇಲೆ ಹಬೆಗೆ ಎರಡು ನಿಮಿಷ ಇಡ್ತೇನೆ, ಇಡ್ಲಿ ತಟ್ಟೆ ಇಟ್ಟ ಹಾಗೆ. ಒತ್ತುವಾಗ ಮೊದಲು ಮೆಲ್ಲಗೆ, ಮುಳ್ಳು 2 ಬಾರ್ ಹತ್ತಿರ. ಕೆಳಗೆ ಹನಿ ಕಂಡ ಮೇಲೆ ಜೋರು, 8-9ಕ್ಕೆ ತಂದು, ಕೊನೆಗೆ ಹಾಗೇ ಬಿಡ್ತಾ ಬರೋದು. ಪುಡಿ ಸರಿ ಇಲ್ಲದಿದ್ದರೆ ಅಂಗೈಗೇ ಗೊತ್ತಾಗುತ್ತೆ, ಹಿಡಿ ಧಡಕ್ಕನೆ ಇಳಿದು ಹೋಗುತ್ತೆ. ಅದಕ್ಕೇ ನನಗೆ ಇದು ಬಹಳ ಇಷ್ಟ.

ಪಂಪ್ ಮಷಿನ್ ಇರುವವರೂ ಬಿಸಿ ವಿಷಯ ನೋಡಿ. ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರುವ ಹಿಡಿ) ಸಿಕ್ಕಿಸಿ ಬರೀ ನೀರು ಒಂದು ಸಲ ಬಿಟ್ಟು ಆಮೇಲೆ ಪುಡಿ ತುಂಬಿ. ಮಳೆಗಾಲದ ಬೆಳಿಗ್ಗೆ ಆ ಲೋಹ ತಣ್ಣಗೆ ಕೊರೀತಿರುತ್ತೆ.

ಅಡಿಕೆ ತೋಟ
ಮಂಗಳವಾರ, ಬೆಳಿಗ್ಗೆ 6:30

ಶಿರಸಿ ಹತ್ತಿರದ ಹಳ್ಳಿಯಿಂದ. ನಮ್ಮ ಮನೆಯಲ್ಲಿ ಬಂದವರಿಗೆ ಆಸರಿಗೆ ಏನು ಬೇಕು ಅಂತ ಕೇಳಿದರೆ ಕಷಾಯವೋ ಚಹವೋ ಅನ್ನುವುದು ರೂಢಿ. ಮಗ ಊರಿಗೆ ಬಂದು ಎಸ್ಪ್ರೆಸೊ ಮಷಿನ್ ಇಟ್ಟ ಮೇಲೆ ಮೂರನೇದು ಸೇರಿದೆ.

ನಮ್ಮ ತೋಟದಲ್ಲಿ ಅಡಿಕೆ ಮಧ್ಯೆ ರೋಬಸ್ಟಾ ಜಾತಿಯ ಕಾಫಿ ಹಾಕಿದ್ದೇವೆ. ಈಗ ಸಿದ್ದಾಪುರ, ಯಲ್ಲಾಪುರ ಕಡೆಯೂ ಹಲವರು ಹಾಕಿದ್ದಾರೆ, ಕಾಳುಮೆಣಸಿನ ಜೊತೆಗೆ ಇದೂ ಒಂದು. ಕಾಫಿ ಅಂದ್ರೆ ಅರೇಬಿಕಾ ಮಾತ್ರ, ರೋಬಸ್ಟಾ ಕೀಳು ಅಂತ ಬರೆಯುವವರನ್ನು ನೋಡಿ ನೋವಾಗುತ್ತದೆ. ನಮ್ಮ ದೇಶದಲ್ಲಿ ಬೆಳೆಯುವುದು ಹೆಚ್ಚು ರೋಬಸ್ಟಾವೇ. ಎಸ್ಪ್ರೆಸೊ ವಿಷಯದಲ್ಲಂತೂ ಅದಕ್ಕೆ ಅದರದೇ ಜಾಗ ಇದೆ. ಕ್ರೆಮಾ ದಪ್ಪ ಬರುತ್ತದೆ, ಹಾಲಿನಲ್ಲಿ ಮುಳುಗುವುದಿಲ್ಲ. ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡು ಪಟ್ಟು, ಹಾಗಾಗಿ ರಾತ್ರಿ ಬೇಡ.

ಕೊಳ್ಳುವಾಗ ಹೆಸರು ಸ್ವಲ್ಪ ತಿಳಿದಿರಲಿ. ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಶನ್ ಅನ್ನುತ್ತಾರೆ, ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಎರಡಕ್ಕೂ ಚೆರಿ. ರೋಬಸ್ಟಾ ಚೆರಿಗೆ ಒರಟು ರುಚಿ ಬರುವ ಸಾಧ್ಯತೆ ಜಾಸ್ತಿ. ಎಸ್ಪ್ರೆಸೊಗೆ ತೊಳೆದದ್ದು ಹುಡುಕಿ. ರೋಬಸ್ಟಾ ಕಾಪಿ ರಾಯಲ್ ಅಂತ ಬರುವುದು ತೊಳೆದ ದಪ್ಪ ಕಾಳಿನದ್ದು.

ನಾವು ಹಣ್ಣು ಕೆಂಪಾದ ಮೇಲೇ ಕೊಯ್ಯುತ್ತೇವೆ. ಅಡಿಕೆ ಒಣಗಿಸುವ ಅಂಗಳದಲ್ಲೇ ಕಾಫಿ ಹರವಿದರೆ ವಾಸನೆ ಹತ್ತುತ್ತದೆ, ಹಾಗಾಗಿ ಬೇರೆ ಅಟ್ಟ ಮಾಡಿದ್ದೇವೆ. ಹುರಿಯುವುದು ಕಬ್ಬಿಣದ ಬಾಣಲೆಯಲ್ಲಿ, ಒಂದು ಸಲಕ್ಕೆ 200 ಗ್ರಾಂ, ಕೈ ಬಿಡದೆ ತಿರುವುತ್ತಾ. ಮೊದಲು ಹುಲ್ಲಿನ ವಾಸನೆ, ಆಮೇಲೆ ಬ್ರೆಡ್ ಸುಟ್ಟ ವಾಸನೆ, ಆಮೇಲೆ ಚಟ್ ಚಟ್ ಶಬ್ದ. ಶಬ್ದ ನಿಂತು ಒಂದು ನಿಮಿಷದ ಒಳಗೆ ಮೊರಕ್ಕೆ ಸುರಿದು ಬೀಸಿ ತಣಿಸಬೇಕು. ಎಣ್ಣೆ ಹೊಳೆಯುವ ತನಕ ಬಿಟ್ಟರೆ ಕರಕಲು.

ಅಂಕೋಲಾ ಅಕ್ಕ
ಮಂಗಳವಾರ, ಬೆಳಿಗ್ಗೆ 7:15

ಅಂಗಡಿಯ ಫಿಲ್ಟರ್ ಕಾಫಿ ಪುಡಿಯನ್ನೇ ಮಷಿನ್‌ಗೆ ಹಾಕಬಹುದಾ? ನನ್ನ ತಂಗಿ ಮನೆಯಲ್ಲಿ ಹಾಗೇ ಮಾಡ್ತಾಳೆ, ಒಮ್ಮೊಮ್ಮೆ ಕಟ್ಟಿ ನಿಲ್ಲುತ್ತೆ ಅಂತಾಳೆ.

ದೇವಿಮನೆ ಘಾಟ
ಮಂಗಳವಾರ, ಬೆಳಿಗ್ಗೆ 7:50

ಚಿಕೋರಿ ಇದ್ದರೆ ಬೇಡ ಅಕ್ಕ. ಚಿಕೋರಿ ಬೇರು ನೀರಿಗೆ ಬಿದ್ದ ಕೂಡಲೇ ಬೇಗ ಕರಗಿ ಅಂಟಾಗುತ್ತೆ. ಫಿಲ್ಟರಿನಲ್ಲಿ ಅದು ಗುಣ, ಡಿಕಾಕ್ಷನ್ ನಿಧಾನ ಇಳಿದು ಗಟ್ಟಿಯಾಗುತ್ತೆ. 9 ಬಾರ್ ಒತ್ತಡದಲ್ಲಿ ಅದೇ ಅಂಟು ಬಾಸ್ಕೆಟ್ ಕಟ್ಟಿಹಾಕುತ್ತೆ, ಇಲ್ಲಾ ಒಂದು ಕಡೆ ಸೀಳಿ ಅಲ್ಲಿಂದಲೇ ಎಲ್ಲಾ ಓಡುತ್ತೆ. ಬರೀ ಕಾಫಿ ಪುಡಿಯೇ ಆದರೂ, ಪುಡಿ ಮಾಡಿ ತಂದದ್ದು ನಮ್ಮ ಮಳೆಗಾಲದಲ್ಲಿ ಎರಡು ದಿನಕ್ಕೆ ಸುಮ್ಮನಾಗುತ್ತೆ. ದುಡ್ಡು ಕಡಿಮೆ ಇದ್ದರೆ ಮಷಿನ್ ಸಣ್ಣದು ತಗೊಳ್ಳಿ, ಗ್ರೈಂಡರ್ ಒಳ್ಳೇದು ತಗೊಳ್ಳಿ. ಫಿಲ್ಟರ್ ಕಾಫಿ ಇಷ್ಟ ಅಂದ್ರೆ ಹಿತ್ತಾಳೆ ಫಿಲ್ಟರ್ ಇಟ್ಟುಕೊಳ್ಳಿ, ಅದು ಯಾವುದಕ್ಕೂ ಕಡಿಮೆ ಇಲ್ಲ.

ಕೋಡಿಬಾಗದ ಕಾಫಿ
ಎರಡು ವಾರದ ನಂತರ, ಶುಕ್ರವಾರ, ಬೆಳಿಗ್ಗೆ 8:30

ಎಲ್ಲರಿಗೂ ಮತ್ತೆ ನಮಸ್ಕಾರ. ಹುರಿದ ತಾರೀಕು ಇರುವ ಬೀಜ ಚಿಕ್ಕಮಗಳೂರಿನಿಂದ ಬಂತು, ಪ್ಲಾಂಟೇಶನ್ ಎ. ಹುರಿದು ಒಂಬತ್ತನೇ ದಿನಕ್ಕೆ ಒಡೆದೆ.

ಮೊದಲು ತೂಕದ ಪರೀಕ್ಷೆ. 20.0 ಗ್ರಾಂ ತಟ್ಟೆಯಲ್ಲಿ ಆ ಹಳೇ ಶೆಲ್ಫಿನಲ್ಲಿ ಇಟ್ಟೆ. ಹೊರಗೆ ರಾತ್ರಿಯಿಡೀ ಮಳೆ. ಬೆಳಿಗ್ಗೆ 20.5. ಅರ್ಧ ಗ್ರಾಂ ನೀರು ಕುಡಿದಿದೆ! ಕಣ್ಣಾರೆ ನೋಡದೆ ಇದ್ದರೆ ನಂಬುತ್ತಿರಲಿಲ್ಲ. ಬಾಟ್ಲಿಯೊಳಗಿನ ಬೀಜ ಕಚ್ಚಿದರೆ ಕಟ್ ಅಂತ ಮುರಿಯಿತು, ತಟ್ಟೆಯದ್ದು ಮುರಿಯಲಿಲ್ಲ.

ಆಮೇಲೆ ಶಾಟ್. ಗ್ರೈಂಡರ್ ಮಾರ್ಚಿನ ನಂಬರಿಗೇ ವಾಪಸ್ ತಂದೆ. 18 ಗ್ರಾಂ. ಪುಡಿಯನ್ನು ಸೂಜಿಯಲ್ಲಿ ಅಡಿ ತನಕ ಕೆದಕಿ ಗಂಟು ಬಿಡಿಸಿ, ಸಮ ಮಾಡಿ, ನೇರ ಒತ್ತಿದೆ. ಬಟನ್ ಒತ್ತಿ ಏಳು ಸೆಕೆಂಡ್ ಏನೂ ಇಲ್ಲ. ಎಂಟನೇದಕ್ಕೆ ಬಾಸ್ಕೆಟ್ ಅಂಚಿನಲ್ಲಿ ಕಪ್ಪು ಹನಿಗಳು ಸುತ್ತ ಮೂಡಿದವು, ಮಧ್ಯಕ್ಕೆ ಸೇರಿ ಒಂದೇ ಎಳೆ ಆಯ್ತು, ಜೋನಿ ಬೆಲ್ಲ ಇಳಿದ ಹಾಗೆ. ಬಣ್ಣ ಗಾಢ ಕಂದಿನಿಂದ ಕೆಂಚಿಗೆ ತಿರುಗಿತು. 36 ಗ್ರಾಂ, 29 ಸೆಕೆಂಡ್. ಹುಳಿ ಇದೆ, ಆದರೆ ಕಿತ್ತಳೆ ಸಿಪ್ಪೆಯ ತರಹದ್ದು, ಹಿಂದೆಯೇ ಸಿಹಿ ಬರುತ್ತೆ. ಅಪ್ಪ ಕುಡಿದು ಲೋಟ ಕೆಳಗಿಡುವ ಮೊದಲೇ ಇನ್ನೊಂದು ಮಾಡ್ತೀಯಾ ಅಂತ ಕೇಳಿದರು. ನಿಮ್ಮೆಲ್ಲರಿಗೂ ತುಂಬಾ ಧನ್ಯವಾದ.

ಒಂದು ಪ್ರಶ್ನೆ ಉಳಿದಿದೆ. ಅಮ್ಮನಿಗೆ ಹಾಲು ಬೇಕು. ಹಬೆಯಲ್ಲಿ ಹಾಲು ಬಿಸಿ ಮಾಡಿದರೆ ದೊಡ್ಡ ದೊಡ್ಡ ಗುಳ್ಳೆ ಬರುತ್ತೆ, ನುಣುಪು ಬರಲ್ಲ.

ದೇವಿಮನೆ ಘಾಟ
ಶುಕ್ರವಾರ, ಬೆಳಿಗ್ಗೆ 9:10

29 ಸೆಕೆಂಡ್ ಓದಿ ನನಗೇ ಕುಡಿದಷ್ಟು ಖುಷಿ ಆಯ್ತು.

ಹಾಲು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಲಿ. ತಣ್ಣಗಿದ್ದಷ್ಟು ನಿಮಗೆ ಸಮಯ ಸಿಗುತ್ತೆ. ಹಬೆಯ ಕೊಳವೆಯಲ್ಲಿ ಮೊದಲು ನೀರು ಬರುತ್ತೆ, ಅದನ್ನು ಬಟ್ಟೆಗೆ ಬಿಟ್ಟುಬಿಡಿ. ಆಮೇಲೆ ತುದಿ ಹಾಲಿನ ಮೇಲ್ಭಾಗಕ್ಕೆ ತಾಗಿಯೂ ತಾಗದ ಹಾಗೆ ಇಟ್ಟು, ಕಾಗದ ಹರಿದ ತರ ಚಿರ್ ಚಿರ್ ಸದ್ದು ಬರಬೇಕು, ಅದು ನಾಲ್ಕೈದು ಸೆಕೆಂಡ್ ಮಾತ್ರ. ಮತ್ತೆ ತುದಿ ಸ್ವಲ್ಪ ಮುಳುಗಿಸಿ, ಪಾತ್ರೆ ಓರೆ ಮಾಡಿ ಹಾಲು ಸುಳಿ ತಿರುಗುವಂತೆ ಬಿಡಿ. ಪಾತ್ರೆಗೆ ಅಂಗೈ ಹಿಡಿಯಲಾರದಷ್ಟು ಬಿಸಿ ಆದಾಗ ನಿಲ್ಲಿಸಿ, 60 ಡಿಗ್ರಿ ಆಸುಪಾಸು. ನಮ್ಮ ಮನೆಗಳಲ್ಲಿ ಹಾಲು ಉಕ್ಕಿ ಬರಬೇಕು ಅಂತ ಅಭ್ಯಾಸ, ಇಲ್ಲಿ ಅಷ್ಟು ಬಿಸಿ ಮಾಡಿದರೆ ನುಣುಪು ಹೋಗುತ್ತೆ, ಸಿಹಿಯೂ ಹೋಗುತ್ತೆ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ 3 ಪರ್ಸೆಂಟ್ ಕೊಬ್ಬಿನದ್ದು ನೊರೆಗೆ ಸುಲಭ. 4.5 ಪರ್ಸೆಂಟಿನದ್ದು ಬಾಯಿಗೆ ಚೆನ್ನ.

ಅಡಿಕೆ ತೋಟ
ಶುಕ್ರವಾರ, ಮಧ್ಯಾಹ್ನ 1:20

ಕೊಟ್ಟಿಗೆ ಹಾಲಾದರೆ ಮೊದಲು ಕಾಯಿಸಿ, ತಣಿಸಿ, ಕೆನೆ ಪೂರ್ತಿ ತೆಗೆದು, ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಹಬೆ ಕೊಡಿ. ಕೆನೆಯ ಚೂರು ಉಳಿದರೆ ಕೊಳವೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಕೊಳವೆಯನ್ನು ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೀಳುವುದು ಕಷ್ಟ.

ಮತ್ತೆ ತಂಗಿ, ನಿನ್ನ ಅಮ್ಮನ ಹಾಲಿನ ಕಾಫಿಗೆ ನಮ್ಮ ರೋಬಸ್ಟಾ ಸ್ವಲ್ಪ ಸೇರಿಸಿ ನೋಡಬೇಕು ಅಂತ ನನ್ನ ಆಸೆ. ನಿನ್ನೆ ಸಂಜೆ 200 ಗ್ರಾಂ ಹುರಿದಿದ್ದೇನೆ. ನಾಡಿದ್ದು ಮಗ ಅಂಕೋಲಾಕ್ಕೆ ಬರುತ್ತಾನೆ, ಅಲ್ಲಿಂದ ಕಾರವಾರಕ್ಕೂ ಬರುವ ಕೆಲಸ ಇದೆ. ಗಾಜಿನ ಬಾಟ್ಲಿಯಲ್ಲಿ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ ಕೊಟ್ಟು ಕಳಿಸುತ್ತೇನೆ. ಮುಂದಿನ ಶುಕ್ರವಾರದ ತನಕ ತೆರೆಯಬೇಡ. 18 ಗ್ರಾಂನಲ್ಲಿ 5 ಗ್ರಾಂ ಇದು, 13 ಗ್ರಾಂ ನಿನ್ನ ಪ್ಲಾಂಟೇಶನ್. ಶಾಟ್ ಎಷ್ಟು ಸೆಕೆಂಡಿಗೆ ಬಂತು ಅಂತ ಇಲ್ಲೇ ಬರಿ.

ಕೋಡಿಬಾಗದ ಕಾಫಿ
ಶುಕ್ರವಾರ, ಮಧ್ಯಾಹ್ನ 1:45

ಖಂಡಿತ ಬರೀತೇನೆ ಅಣ್ಣ. ಬಾಟ್ಲಿ ವಾಪಸ್ ಕಳಿಸುವಾಗ ಖಾಲಿ ಕಳಿಸಲ್ಲ. ಇವತ್ತು ಶೆಲ್ಫಿನಿಂದ ಆ ಸ್ಟೀಲ್ ಡಬ್ಬಿ ಇಳಿಸಿ ಅಮ್ಮನಿಗೆ ಕೊಟ್ಟೆ, ಉಪ್ಪಿಗೆ ಬೇಕಂತೆ.